ಗ್ವಾಡಿಗೆ ನೀರು

ಮುಳಗುಂದ ನಾಕಾದಾಗ ಆರಿಸಿದ ಟೈಲ್ಸು,
ಕಡ್ಲಿಹಿಟ್ಟಿನ ಬಣ್ಣದ್ದು, ನಾಕು ಡಬ್ಬಿ,
ಪಡಸಾಲ್ಯಾಗ ಬಂದು ಕುಂತು ಮೂರು ದಿನ ಆತು.
ಹಚ್ಚೂದು ಯಾವಾಗಪಾ ಅಂದ್ರ
ರಾಜೇಸಾಬ ಗೌಂಡಿ ಬೀಡಿ ಆರಿಸಿ ಕಿವಿಗೆ ಸಿಗಿಸ್ಕೊಂಡು
'ಹಚ್ಚೂದು ಅರ್ಧಾ ದಿನದ ಮಾತು ಅವ್ವಾರ,
ಗ್ವಾಡಿ ತಯಾರಾಗೂದಽ ಕೆಲಸ' ಅಂದ.

ಕಟ್ಟಿ ಮ್ಯಾಲೆ, ಆಳೆತ್ತರ, ಹನ್ನೊಂದು ವರ್ಷದ ಒಗ್ಗರಣಿ.
ಸಾಸಿವಿ ಸಿಡಿದಲ್ಲಿ ಕಂದು ಚುಕ್ಕಿ,
ಉಗುರಿಲೆ ಕೆರೆದ್ರ ಜಿಡ್ಡು ಸುರುಳಿ ಸುರುಳಿ ಬರತೈತಿ.
ಸೋಡಾ ಹಾಕಿದ ಕುದಿನೀರು, ತೆಂಗಿನ ನಾರು,
ಆಮ್ಯಾಲೆ ಲೋಖಂಡದ ಪಟ್ಟಿ.
ಹಸರು ಪೇಂಟು ಹೋತು.
ಅದರ ಕೆಳಗ ನೀಲಿ ಸುಣ್ಣ.
ಸುಣ್ಣದಾಗ ಪೆನ್ಸಿಲ್ಲಿನ ಒಂದು ಸಾಲು:
'ಗಿರಣಿಗೆ ಎಂಟು ಸೇರು. ರೊಕ್ಕ ಅಕ್ಕ ಕೊಟ್ಟಾಳ.'
ಅಕ್ಕ ಅಂದ್ರ ನಾನು.
ಬರದಾಕಿ ನನ್ನ ನೆಗೆಣ್ಣಿ, ಫಕ್ಕೀರವ್ವ.
ದಾವಲ ಆ ಸಾಲಿನ ಮ್ಯಾಲೆ ಚಾಣ ಇಟ್ಟ.
ತಡಿ ಅನ್ನಲಿಲ್ಲ ನಾನು.

ಗೌಂಡಿ ಬಳ್ಳು ಮಡಚಿ ಗ್ವಾಡಿ ಬಡದು ನೋಡತಾನ,
ಸಂತ್ಯಾಗ ಕೊಡ ಬಡದು ಕೊಳ್ಳೂ ಹೆಣಮಗಳಂಗ.
ಇಲ್ಲಿ ಗಟ್ಟಿ. ಇಲ್ಲೂ ಗಟ್ಟಿ.
ಇಲ್ಲಿ
ಪೊಳ್ಳು.
'ಅವ್ವಾರ, ಇಲ್ಲಿ ಏನಿತ್ತು?'
'ಮಾಡ ಇತ್ತು' ಅಂದೆ. ಅಷ್ಟಽ ಅಂದೆ.

ಆರಪಾರ ಮಾಡ ಅದು.
ಆ ಕಡೆ ಕಾಳುಕಡಿ ಇಡೂ ಕ್ವಾಣಿ, ಈ ಕಡೆ ಒಲಿ.
ಆಕಿ ಅಲ್ಲಿಂದ ಹಿಟ್ಟು ನೀಡಾಕಿ,
ಹಿಟ್ಟಿನ ಕೂಡ ಓಣಿ ಸುದ್ದಿ,
ನಾನು ಇಲ್ಲಿಂದ ಮೊದಲನೇ ಬಿಸಿ ರೊಟ್ಟಿ.
ಒಂದು ಮಗ್ಗದ ಸಲುವಾಗಿ ಪಾಲಾದ ದಿನ
ಅಣ್ಣ ಇಟ್ಟಂಗಿ ಎತ್ತಿ ಕೊಟ್ಟ, ತಮ್ಮ ಕಟ್ಟಿದ.
ಇಬ್ಬರೂ ಕೂಡಿ ಮಾಡಿದ ಕಡೀ ಕೆಲಸ ಅದು,
ಗಿಲಾವು ಸೈತ ಸರಿಯಾಗಿ ಹಿಡಿಸಿಲ್ಲ ನೋಡ್ರಿ.

'ನುಣುಪು ಗ್ವಾಡಿಗೆ ಸಿಮೆಂಟು ನಿಲ್ಲೂದಿಲ್ಲ,
ಅಂಗೈಯಗಲಕ್ಕ ಐದಾರು ಟಾಚಾ ಬೀಳಬೇಕು.'
ಬಿದ್ದುವು.
ಹಿಂದಿನ ಓಣ್ಯಾಗ ಮಗ್ಗ ಲಟಕ್, ಲಟಕ್,
ಇಲ್ಲಿ ಚಾಣ ಟಕ್, ಟಕ್,
ನಡುವಽ ಆ ಕಡೆ ಒಂದು ಮುಚ್ಚಳ ಬಿದ್ದು
ನೆಲದ ಮ್ಯಾಲೆ ಗಿರಗಿರ ತಿರುಗಿ, ತಿರುಗಿ, ಸುಮ್ಮನಾತು.

'ಯಾರದು? ನನ್ನ ಉಪ್ಪಿನಕಾಯಿ ಭರಣಿ ಬೀಳತಾವು!'

ಗೌಂಡಿ ನನ್ನ ಮಾರಿ ನೋಡಿದ. ನಾನು ಚಾಣ ನೋಡಿದೆ.
'ಇಳಿಸಿ ಇಡು ಅಂತ ಹೇಳಪಾ.'
'ಇಳಿಸಿ ಇಡಬೇಕಂತರೀ' ಅಂದ ಗ್ವಾಡಿಗೆ.
ಗ್ವಾಡಿ ಸ್ವಲ್ಪ ಹೊತ್ತು ತಡದು,
'ಯಾವ ಬಣ್ಣದ್ದು ತಂದಾರಂತ ಕೇಳು.'
'ಕಡ್ಲಿಹಿಟ್ಟಿಂದು.'
'ಜಿಡ್ಡು ಎದ್ದು ಕಾಣತೈತಿ ಅಂತ ಹೇಳು.'
ದಾವಲ ನಕ್ಕ. ನಾನು ನಗಲಿಲ್ಲ;
ಸೆರಗು ಬಾಯಿಗೆ ಹೋಗಿದ್ದು ಧೂಳಿಗೆ.

ಪೊಳ್ಳು ಗಿಲಾವು ಒಂದಽ ಏಟಿಗೆ ಕಳಚಿ ಬಿತ್ತು.
ಒಳಗಿನ ಇಟ್ಟಂಗಿ ಒಂದು ಹಲ್ಲಿನಂಗ ಅಳ್ಳಾಡತಿತ್ತು.
'ತಗೀಲೇನ್ರಿ?'
ಬ್ಯಾಡ ಅನ್ನಾಕ ನನಗ ಅಷ್ಟು ಹೊತ್ತು ಯಾಕ ಹಿಡೀತೋ.
ಗಾರಿ ತುಂಬಿದ, ಪಟ್ಟಿ ಎಳದ,
ಓಳಂಬ ಬಿಟ್ಟು ಒಂದು ಕಣ್ಣು ಮುಚ್ಚಿ ನೋಡಿದ.

ಹೋಗುವಾಗ ಚಪ್ಪಲಿ ಮೆಟ್ಟಿಕೊಂತ ಹೇಳಿದ:
'ಮಲಗೂ ಮುಂದ ಒಂದು ಸಲ, ಎದ್ದ ಕೂಡಲೇ ಒಂದು ಸಲ
ನೀರು ಹೊಡೀರಿ.
ಒಣ ಗ್ವಾಡಿ ಸಿಮೆಂಟಿನ ನೀರೆಲ್ಲಾ ತಾನಽ ಕುಡದು
ಟೈಲ್ಸು ಕೈಬಿಡತೈತಿ.'

ರಾತ್ರಿ ತಂಬಿಗಿ ತಗೊಂಡು ನಿಂತೆ.
ಉಗ್ಗಿದ ನೀರು ಕೆಳಗ ಇಳೀಲೇ ಇಲ್ಲ,
ಟಾಚಾ ಟಾಚಾದಾಗ ಸುಂಯ್ ಅಂತ ಒಳಗ ಹೋತು.
ಹಸಿ ಸುಣ್ಣದ ವಾಸನಿ, ಅದರೊಳಗ ಹಳೇ ಇಂಗು.

ಆ ಕಡೆ ಒಂದೊಂದಽ ಭರಣಿ ಇಳಿಸೂ ಸಪ್ಪಳ.
ತಂಬಿಗಿ ತಡದು ಎಣಿಸಿದೆ.
ಏಳು.
ಏಳನೇದರ ತಳ ಸೀಳೈತಿ, ನೆಲಕ್ಕ ಇಟ್ಟ ಕೂಡಲೇ ಗೊತ್ತಾತು.
ಅದು ನಂದು.