ನಲವತ್ತೊಂದು ಚೂರಿ

ಟ್ರಾಲರಿನ ರಾಟೆ ನನ್ನ ಎರಡು ಬೆರಳು ತಿಂದ ವರ್ಷ
ಕಾರ್ಖಾನೆಯವರು ನನಗೆ ಸಾಣೆಯ ಕೋಣೆ ಕೊಟ್ಟರು.
ಕಿಟಕಿ ಒಂದು, ಹೀಟರು ಒಂದು, ಕಲ್ಲು ಮೂರು.
ಪಾಳಿ ಮುಗಿದ ಮೇಲೆ ಬಕೆಟ್ಟಿನಲ್ಲಿ ಬರುತ್ತವೆ
ಸ್ಕಾರ್ವಿಕ್ಕಿನ ಚೂರಿಗಳು,
ಹಿಡಿಗೆ ಅಂಟಿದ ಹುರುಪೆ ಸಮೇತ.

ಯಾವುದರ ಮೇಲೂ ಹೆಸರಿಲ್ಲ. ಬೇಕಾಗಿಯೂ ಇಲ್ಲ.
ತುದಿ ಬಾಗಿದ್ದು ಕನಗಸಬೈಯದು.
ಎಂಬತ್ತೇಳರಲ್ಲಿ ಜಾಫ್ನಾದಿಂದ ಬಂದವನು,
ಮುಳ್ಳಿಗೆ ತಾಗಿದರೂ ಬಿಡುವ ಜಾತಿಯಲ್ಲ, ಒತ್ತುತ್ತಾನೆ.
ಎಡಮಗ್ಗುಲು ಸವೆದದ್ದು ಲೆತೆಬ್ರಾನಳದು.
ಎರಿಟ್ರಿಯಾದವಳು, ಎಡಚಿ. ಮೊದಲ ವಾರ ಮೇಸ್ತ್ರಿ ಓಡ್ವಾರ್
ಅವಳ ಕೈ ತಿದ್ದಲು ನೋಡಿದ. ಅವಳು ಮಾತಾಡಲಿಲ್ಲ.
ಶುಕ್ರವಾರ ಗೋಡೆಯ ಹಲಗೆಯಲ್ಲಿ ಯಾರು ಎಷ್ಟು ಕಿಲೋ ಎಂದು ಬಂತು.
ಆಮೇಲೆ ಅವನೂ ಮಾತಾಡಲಿಲ್ಲ.
ಲಿಥುವೇನಿಯಾದ ವೈದೋತಸನದು ಸೋಮವಾರ ಮಾತ್ರ ಮೊಂಡು:
ಭಾನುವಾರ ಅದರಲ್ಲೇ ದೋಣಿಯ ಹಗ್ಗ ಕೊಯ್ಯುತ್ತಾನೆ,
ಕೇಳಿದರೆ ದೇವರಾಣೆ ಇಲ್ಲ.

ಈ ಹೆಸರುಗಳಿಗೆ ನನ್ನ ನಾಲಿಗೆ ಹೊರಳಲು
ಒಂದೊಂದಕ್ಕೆ ಒಂದೊಂದು ಚಳಿಗಾಲ ಹಿಡಿಯಿತು.
ನಾನೇನು ಸುಲಭದವನೇ?
ಐಲೆರ್ಟ್ ಎಂಬುದು ಕನಗಸಬೈಯ ಬಾಯಲ್ಲಿ ಐಲಟ್ಟು ಆಯಿತು,
ಈಗ ನನ್ನ ಹೆಂಡತಿಯೂ ಹಾಗೇ ಕರೆಯುತ್ತಾಳೆ,
ಅದೂ ಸಿಟ್ಟು ಬಂದಾಗ.

ಇನ್ನು ನಲವತ್ತೊಂದನೆಯದು.
ಬರ್ಚ್ ಮರದ ಹಿಡಿ, ಮೂವತ್ತು ವರ್ಷ ಸಾಣೆ ತಿಂದು
ಅಲಗು ಹುಲ್ಲಿನ ಎಸಳಿನಷ್ಟಾಗಿದೆ.
ಸಾಮಿ ಮುದುಕಿ ರಿಸ್ತಿನಳದು. ಊರಿಗೆ ಬಂದವರಿಗೆಲ್ಲ
ಮೀನಿನ ಬೆನ್ನು ಎಲ್ಲಿ ಬಿರಿಯುತ್ತದೆಂದು
ಮಾತಿಲ್ಲದೆ ತೋರಿಸಿಕೊಟ್ಟವಳು.
ಬೆರಳು ತಪ್ಪಾದ ಜಾಗದಲ್ಲಿದ್ದರೆ ಹಿಡಿಯಿಂದ ಕುಟುಕುತ್ತಿದ್ದಳು.
ಅಕ್ಟೋಬರಿನಲ್ಲಿ ಹೋದಳು. ಚೂರಿ ಮೊಳೆಯಲ್ಲೇ ಉಳಿಯಿತು.

ಜನ ನಲವತ್ತು, ಚೂರಿ ನಲವತ್ತೊಂದು,
ಲೆಕ್ಕ ತಾಳೆಯಾಗುತ್ತಿಲ್ಲವಲ್ಲ ಎಂದ ಓಡ್ವಾರ್.
ತುಕ್ಕಿಗೆ ನಿನ್ನ ಲೆಕ್ಕ ಗೊತ್ತಿಲ್ಲ ಎಂದೆ.
ವಾರಕ್ಕೊಮ್ಮೆ ಅದನ್ನೂ ಕಲ್ಲಿಗೆ ಕೊಟ್ಟೆ, ಸುಮ್ಮನೆ,
ಹೊರಗೆ ಎರಡು ತಿಂಗಳ ಕತ್ತಲೆ.

ಫೆಬ್ರವರಿಯಲ್ಲಿ ಸೂರ್ಯನೂ ಕಾಡ್ ಮೀನೂ ಒಟ್ಟಿಗೆ ಬರುತ್ತವೆ.
ಶಾಲೆ ಬಿಟ್ಟ ಮಕ್ಕಳು ದೊಡ್ಡವರ ಏಪ್ರನ್ ಕಟ್ಟಿ
ತಲೆಗಳ ತೊಟ್ಟಿಯ ಸುತ್ತ ನಿಲ್ಲುತ್ತಾರೆ.
ತಲೆಯನ್ನು ಮೊಳೆಗೆ ಸಿಕ್ಕಿಸು, ಒತ್ತು, ನಾಲಿಗೆ ಕೊಯ್ಯಿ.
ದುಡ್ಡು ಕೈಗೆ ಕೈ. ಸೈಕಲ್ಲು, ಫೋನು, ಹಲ್ಲಿನ ತಂತಿ ಕೂಡ
ಈ ಊರಿನಲ್ಲಿ ಮೀನಿನ ನಾಲಿಗೆಯಿಂದಲೇ ಬರುತ್ತದೆ.

ಕನಗಸಬೈಯ ಮೊಮ್ಮಗಳು ಇನಿಯಾಗೆ ಹನ್ನೊಂದು.
ನಮ್ಮ ಅಜ್ಜಂದಿರು ಹಡಗಿನಲ್ಲಿ ಬೈಯುತ್ತಿದ್ದ ಬೈಗುಳ
ಈಗ ಸರಿಯಾಗಿ ಬರುವುದು ಅವಳೊಬ್ಬಳಿಗೆ.
ಶನಿವಾರ ಅವಳ ಚಾಕು ಮುರಿಯಿತು.
ಐಲಟ್ಟು, ಬೇರೆ ಕೊಡು, ಬೇಗ, ಎಂದಳು.
ನಾನು ಹುಡುಕುವಷ್ಟರಲ್ಲಿ ಮೊಳೆಯಲ್ಲಿದ್ದದ್ದನ್ನು ಎಳೆದುಕೊಂಡು ಓಡಿದಳು.

ಬೆನ್ನಿಗೇ ಹೋದೆ. ರಿಸ್ತಿನಳ ಮೊಮ್ಮಗ ಮಾಹ್ತೆ
ಅದಾಗಲೇ ನೋಡಿದ್ದ, ಕೈಯಲ್ಲಿ ಅರ್ಧ ಕೊಯ್ದ ತಲೆ.
ಅದು ನಮ್ಮಜ್ಜಿಯದು.
ಇನಿಯಾ ಚೂರಿ ಇಳಿಸಲಿಲ್ಲ. ಕಿವಿ ಮಾತ್ರ ಕೆಂಪಾಯಿತು.
ಹತ್ತು ನಾಲಿಗೆಗೆ ಒಂದು ನನಗೆ, ಎಂದ ಅವನು.
ಇಪ್ಪತ್ತಕ್ಕೆ ಒಂದು.
ಹನ್ನೆರಡು.
ಹದಿನೈದು, ಇಲ್ಲವಾದರೆ ಬೇಡ, ಹಲ್ಲಿನಲ್ಲೇ ಕಚ್ಚಿ ತೆಗೆಯುತ್ತೇನೆ.
ಲೆತೆಬ್ರಾನಳ ಮಗ ನಡುವೆ ನಿಂತು ಎಣಿಸತೊಡಗಿದ,
ಅವನ ಕೂಲಿ ಎಷ್ಟೆಂದು ನನಗೆ ಕೇಳಿಸಲಿಲ್ಲ.

ನಾನು ಬಾಗಿಲಲ್ಲಿ ನಿಂತಿದ್ದೆ,
ಹೇಳಬೇಕೆಂದುಕೊಂಡದ್ದು ಗಂಟಲಲ್ಲೇ ಮಂಜುಗಟ್ಟಿ.
ರಿಸ್ತಿನ್ ಆಗಿದ್ದರೆ ಹನ್ನೆರಡಕ್ಕಿಂತ ಇಳಿಯುತ್ತಿರಲಿಲ್ಲ.

ರಾತ್ರಿ ಬಕೆಟ್ಟು ಬಂತು.
ಬರ್ಚ್ ಹಿಡಿಯ ತುಂಬ ಹುರುಪೆ, ಲೋಳೆ, ಒಂದು ಬಬಲ್ ಗಮ್.
ಅಲಗನ್ನು ದೀಪಕ್ಕೆ ಹಿಡಿದೆ:
ಹಿಡಿಗೆ ತೀರ ಹತ್ತಿರದಲ್ಲಿ, ಸಣ್ಣ ಕೈಗೆ ಎಟುಕುವಲ್ಲಿ,
ಯಾರದೂ ಅಲ್ಲದ ಒಂದು ಮೊಂಡು.
ಪುಸ್ತಕದಲ್ಲಿ ನಲವತ್ತೊಂದು ಎಂದು ಬರೆದು
ಕಲ್ಲಿಗೆ ನೀರು ಬಿಟ್ಟೆ.