ಅಡಿಟಿಪ್ಪಣಿ

ಮೂರನೆಯ ಕರಡು ಮೇಜಿನ ಮೇಲಿದೆ.
ಸುಚಿತಾ ತಾಂಡೇಲ, ಬಿ.ಎ. ಎರಡನೇ ವರ್ಷ,
‘ಕಾವ್ಯದಲ್ಲಿ ಕಡಲು’, ಎಂಟು ಪುಟ.
ಹಕಾರ ಅಕಾರ ತಮ್ಮ ತಮ್ಮ ಮನೆಗೆ ಮರಳಿವೆ.
‘ಒಟ್ಟಿನಲ್ಲಿ ಹೇಳುವುದಾದರೆ’ ಎಂಬುದನ್ನು
ಐದೂ ಕಡೆ ತೆಗೆದಿದ್ದಾಳೆ, ನಾನು ಹೇಳಿದ ಹಾಗೆ.
ಕೋಡಿಬಾಗದ ಈ ಬಾಡಿಗೆ ಕೋಣೆಯಲ್ಲಿ
ಫ್ಯಾನು ಹಾಳೆ ಎತ್ತುತ್ತದೆ,
ಕನ್ನಡಕದ ಡಬ್ಬಿ ಹೇರಿ ಕೂತಿದ್ದೇನೆ.
ಓದಿದೆ. ಚೆನ್ನಾಗಿದೆ.
ಮತ್ತೆ ಓದಿದೆ. ಏನೋ ಇಲ್ಲ.

ಮೊದಲ ಕರಡಿನಲ್ಲಿ ಹೀಗಿತ್ತು:
‘ಕಡಲಿಗೆ ತಳವಿಲ್ಲ ಎನ್ನುತ್ತಾರೆ ಕವಿ. ಅದು ತಪ್ಪು.
ದೇವಬಾಗದ ಎದುರಿಗೆ ಏಳು ಮಾರು.
ಅಪ್ಪ ಸೀಸದ ಗುಂಡಿಗೆ ಸಾಬೂನು ಮೆತ್ತಿ ಇಳಿಸುತ್ತಾನೆ.
ಎತ್ತಿದಾಗ ಕೆಸರು ಅಂಟಿದ್ದರೆ ಶೆಟ್ಲಿ ಉಂಟು,
ಬರೀ ಮರಳಾದರೆ ಮುಂದೆ ಹೋಗಬೇಕು.
ಕವಿಯೂ ಒಮ್ಮೆ ಇಳಿಸಿ ನೋಡಬಹುದಿತ್ತು.’

ನಾನು ಕೆಂಪು ಶಾಯಿಯಲ್ಲಿ ಕೇಳಿದ್ದೆ: ಆಧಾರ?
ಕವಿಗೆ ಬುದ್ಧಿ ಹೇಳುವುದು ವಿಮರ್ಶೆಯಲ್ಲ ಎಂದೂ ಬರೆದಿದ್ದೆ,
ಕೆಳಗೆ ಎರಡು ಗೆರೆ ಎಳೆದು.

ಎರಡನೆಯದರಲ್ಲಿ ಮಾತು ಹಾಗೆಯೇ ಇತ್ತು.
ಮೇಲೊಂದು ಪುಟ್ಟ ಅಂಕೆ; ಪುಟದ ಅಡಿಯಲ್ಲಿ
ನಾನು ಕಲಿಸಿದ ಕ್ರಮದಲ್ಲೇ, ಅಲ್ಪವಿರಾಮವೂ ತಪ್ಪದೆ:
‘ದತ್ತಾ ತಾಂಡೇಲ, ಮಾತುಕತೆ, ದೋಣಿ, ತಾರೀಕು ನೆನಪಿಲ್ಲ.’
ಸ್ಟಾಫ್ ರೂಮಿನಲ್ಲಿ ಓದಿ ಹೇಳಿದೆ. ಎಲ್ಲರೂ ನಕ್ಕರು.
ಚಹಾ ಬಂತು. ಇನ್ನೊಮ್ಮೆ ಎಂದರು. ಓದಿದೆ.
ಬಾಗಿಲ ಹೊರಗೆ ಹಾಜರಿ ಪುಸ್ತಕ ಹಿಡಿದು ಯಾರೋ ನಿಂತಿದ್ದರು.
ಯಾರೆಂದು ನೋಡಲಿಲ್ಲ.

ಈಗ ಆ ಜಾಗದಲ್ಲಿ
‘ಕಡಲು ಅನಂತತೆಯ ಸಂಕೇತವಾಗಿ ಮೂಡಿಬಂದಿದೆ.’
ತಪ್ಪೇನಿಲ್ಲ. ನನ್ನದೇ ವಾಕ್ಯ,
ಹೋದ ವರ್ಷದ ನೋಟ್ಸು, ಅದರ ಹಿಂದಿನ ವರ್ಷದ್ದೂ.
ನನಗೆ ಕೊಟ್ಟವರು ಧಾರವಾಡದ ಮಾಸ್ತರು,
ಅವರಿಗೂ ಯಾರೋ ಕೊಟ್ಟಿದ್ದಿರಬೇಕು.
ಯಾರೂ ಯಾರನ್ನೂ ಆಧಾರ ಕೇಳಿರಲಿಲ್ಲ.

ನಾನು ಹಾವೇರಿ ಕಡೆಯವಳು. ಈ ಊರಲ್ಲಿ ಹನ್ನೆರಡು ವರ್ಷ.
ದೋಣಿ ಹತ್ತಿದ್ದು ಒಂದೇ ಸಲ,
ಅಂಚು ಹಿಡಿದು, ಕಣ್ಣು ಮುಚ್ಚಿಕೊಂಡು.

ಪೆನ್ನಿನ ಮುಚ್ಚಳ ತೆಗೆದೆ.
ಹಳೆಯ ಪ್ಯಾರಾ ವಾಪಸು ಹಾಕು ಎಂದು ಬರೆದರೆ
ಹಾಕಿಬಿಡುತ್ತಾಳೆ,
ಅಲ್ಪವಿರಾಮ ಹಾಕಿದ ಹಾಗೆ, ನಾನು ಹೇಳಿದೆನೆಂದು.
ಮುಚ್ಚಿಟ್ಟೆ.

ಅಳಿವೆಯ ಕಡೆ ದೋಣಿಯೊಂದರ ಇಂಜಿನು
ಎರಡು ಸಲ ಕೆಮ್ಮಿ ಹತ್ತಿಕೊಂಡಿತು.
ಅಂಕದ ಚೌಕ ಖಾಲಿ ಬಿಟ್ಟು
ಪೆನ್ಸಿಲಿನಲ್ಲಿ, ಬೇಡವಾದರೆ ಅಳಿಸಲಿ ಎಂದು,
ಪುಟದ ತೀರ ಅಡಿಯಲ್ಲಿ ಬರೆದೆ:
ಸಾಬೂನು ಯಾವುದು, ಬಟ್ಟೆಯದೋ ಮೈಯದೋ?