ಹದಿನೇಳನೆಯ ಚಾವಿ

ಅಕ್ಕಲಕೋಟೆಯ ಪಂಪ್‌ಹೌಸಿನಲ್ಲಿ ನನ್ನದು ರಾತ್ರಿ ಪಾಳಿ.
ಮೊದಲಿದ್ದ ಪರದೆಯಲ್ಲಿ ಊರೇ ಇರಲಿಲ್ಲ.
ಸಾಲಿನ ಮೇಲೆ ಸಾಲು, ನಲವತ್ತಾರು ಅಂಕಿ,
ತೊಗರಿ ಕೊಯ್ದ ಹೊಲದ ಕೂಳೆಗಳ ಹಾಗೆ.
ವ್ಹಿ ೧೭. ಅದರ ಕೆಳಗೆ ವ್ಹಿ ೧೭ ಅ.
ಆ ಒಂದು ‘ಅ’ ಕಣ್ಣಿಗೆ ಬೀಳದೆ
ಕಳೆದ ಚೈತ್ರದಲ್ಲಿ ನಾನು ತೆರೆದದ್ದು ಬೇರೆಯೇ ಬಾಯಿ.
ಬೆಳಗಿನ ನಾಲ್ಕಕ್ಕೆ ಕುಂಬಾರ ಓಣಿಯಲ್ಲಿ
ಸುಡದ ಗಡಿಗೆಗಳೆಲ್ಲ ಮತ್ತೆ ಮಣ್ಣಾದವು.
ಆರು ದಿನಕ್ಕೊಮ್ಮೆ ನಳ ಬರುವ ಊರಲ್ಲಿ
ನೀರು ಕೊಟ್ಟು ಬೈಸಿಕೊಂಡವಳು
ನಾನೊಬ್ಬಳೇ ಇರಬೇಕು.

ಸಾಹೇಬರು ಹಳೆಯ ನಕಾಶೆಯ ಫೋಟೋ ತೆಗೆದುಕೊಟ್ಟರು.
ಹತ್ತಿರ ಎಳೆದರೆ ಗೆರೆ ಬಿರಿದು
ಜೋಳದ ಕಾಳು, ಜೋಳದ ಕಾಳು, ಬೂದುಬಣ್ಣದ ಜೋಳದ ಕಾಳು.
ಅದರಲ್ಲಿ ಪೈಪು ಯಾವುದು, ಕಾಗದದ ಮಡಿಕೆ ಯಾವುದು,
ಯಾರೋ ಎಂದೋ ಇಟ್ಟ ಚಹಾ ಕಪ್ಪಿನ ಕಲೆ ಯಾವುದು?

ಕೊನೆಗೆ ನಾನೇ ಕೂತೆ.
ಬಣ್ಣ ತುಂಬಲಿಲ್ಲ, ಮಾತು ಕೊಟ್ಟೆ:
ಇಲ್ಲೊಂದು ಚುಕ್ಕೆ, ಅಲ್ಲೊಂದು, ನಡುವೆ ನೀನು ಗೆರೆ.
ಮಾತು ಕಾಳಾಗಿ ಒಡೆಯುವುದಿಲ್ಲ.
ಅಂಗೈಯಗಲ ಹಿಗ್ಗಿಸು, ಗೋಡೆಯಗಲ ಹಿಗ್ಗಿಸು,
ಗೆರೆ ಗೆರೆಯೇ.
ಒಂದು ಚಾವಿ ಮುಟ್ಟಿದರೆ
ಅದು ಕುಡಿಸುವ ಓಣಿಗಳಷ್ಟೇ ನೀಲಿ.
ಉಳಿದ ಊರು ಮಬ್ಬಾಗಿ ಹಿಂದೆ ಸರಿಯುತ್ತದೆ,
ಬಾಣಂತಿ ಕೋಣೆಗೆ ದಾರಿ ಬಿಡುವ ನೆಂಟರಂತೆ.
೧೭ಕ್ಕೂ ೧೭ ಅಕ್ಕೂ ನಡುವೆ ಈಗ
ಒಂದು ಇಡೀ ಸಂತೆಪೇಟೆ.

ಲಾಡ್ಲೇಸಾಬ ಕಾಕಾನನ್ನು ಕರೆದೆ.
ಮೂವತ್ತೊಂದು ವರ್ಷ ಹೆಗಲ ಮೇಲೆ ಕಬ್ಬಿಣದ ಚಾವಿ ಹೊತ್ತು
ಊರಿನ ನೀರು ತಿರುವಿದವರು.
ಒದ್ದೆ ಹೆಬ್ಬೆರಳು ಒತ್ತಿದರು. ಪರದೆ ಕದಲಲಿಲ್ಲ.
‘ನೀರಂದ್ರ ಇದಕ್ಕ ಆಗಂಗಿಲ್ಲೇನು?’
ಲುಂಗಿಗೆ ಒರೆಸಿ ಮತ್ತೆ ಒತ್ತಿದರು. ನೀಲಿ ಹರಿಯಿತು.
ಬಹಳ ಹೊತ್ತು ನೋಡಿದರು.
‘ಗೆರಿ ನೆಟ್ಟಗ ಅದ ಯವ್ವಾ, ಪೈಪು ನೆಟ್ಟಗಿಲ್ಲ.
ಇಲ್ಲೊಂದು ಗೋರಿ ಅದ.
ಅದಕ್ಕ ಸಲಾಮ ಹೊಡದು, ಸುತ್ತ ಹಾಕಿ ಹೋಗತದ.’

ಗೆರೆಯ ನಡುವಿಗೆ ಒಂದು ಹಿಡಿಕೆ ಇಟ್ಟು ಎಳೆದೆ.
‘ಇನ್ನಷ್ಟು. ಇನ್ನಷ್ಟು. ಹಾಂ, ಸಾಕು.’
ಗೆರೆ ಬಾಗಿತು.
ಅದರ ಬೆನ್ನಿಗೆ ಅಂಟಿದ್ದ ಒತ್ತಡದ ಅಂಕಿಯೂ ಜಾರಿ
ಹೊಸ ಜಾಗದಲ್ಲಿ ಕೂತಿತು,
ಎತ್ತಿಕೊಂಡ ಕೂಸಿನ ಹಾಗೆ.

ಕಚೇರಿಯ ಕಾಗದದಲ್ಲಿ ಚಾವಿಗೆ ಮರಾಠಿ ನಂಬರು.
ಕಾಕಾನ ಬಾಯಲ್ಲಿ
ಹುಣಸಿ ಚಾವಿ, ಮುದುಕಿ ಚಾವಿ, ಜಗಳದ ಚಾವಿ.
ಅವನ್ನೂ ಒಳಗಿಟ್ಟೆ. ಬೆರಳು ತುಸು ತಡೆದರೆ
ಹೆಸರು ಮೇಲೇಳುತ್ತದೆ, ಕನ್ನಡದಲ್ಲಿ, ಸಣ್ಣಗೆ.
‘ಹೇ ಜಗಳ ಕಾಯ ಆಹೆ?’ ಕೇಳಿದರು ಸಾಹೇಬರು.
ಎರಡು ಓಣಿ, ಒಂದೇ ಪೈಪು, ಅಂದೆ.
ಅವರು ನಕ್ಕರು. ಅಳಿಸು ಅನ್ನಲಿಲ್ಲ.

ಒಂದು ಮೂಲೆ ಉಳಿದಿದೆ.
ಮುಚ್ಚಿದ ಹತ್ತಿ ಗಿರಣಿಯ ಕೆಳಗೆ
ಒಂದು ಸಾಲು ಇಳಿಯುತ್ತದೆ, ಎಲ್ಲಿಗೋ.
ಎರಡು ಬೇಸಿಗೆ ಕಾಕಾ ನೆಲಕ್ಕೆ ಕಿವಿ ಹಚ್ಚಿ ಕೇಳಿದ್ದರಂತೆ.
ಅದನ್ನು ಬಿಡಿ ಚುಕ್ಕೆಗಳಲ್ಲೇ ಬಿಟ್ಟಿದ್ದೇನೆ.
ಮುಟ್ಟಿದರೆ ಯಾವ ಓಣಿಯೂ ನೀಲಿಯಾಗುವುದಿಲ್ಲ.
ಒಂದು ಸಾಲು ಮೂಡುತ್ತದೆ ಅಷ್ಟೇ:
ಲಾಡ್ಲೇಸಾಬರಿಗೂ ಗೊತ್ತಿಲ್ಲ.